ಏಕತೆಯ ಫಲ ಯಾರ ಪಾಲಿಗೆ?

ಯುರೋಪಿನ ಏಕತೆಗೆ ಯುವಜನರೇ ಆಧಾರ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 2016ರ ಜನಮತಗಣನೆಯಲ್ಲಿ ಬ್ರಿಟನ್ನಿನ ಎಳೆಯ ಮತದಾರರಲ್ಲಿ ಬಹುಪಾಲು ಮಂದಿ ಐರೋಪ್ಯ ಒಕ್ಕೂಟದಲ್ಲಿಯೇ ಉಳಿಯಬಯಸಿದರೆಂಬುದು ನಿಜ. ಆದರೆ ಯುವಜನರೆಲ್ಲರ ಸ್ಥಿತಿ ಒಂದೇ ಅಲ್ಲ. 1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆಯ ನೆರವಿನಿಂದ ನೆರೆದೇಶದಲ್ಲಿ ಓದಿದ ವಿದ್ಯಾರ್ಥಿಗೆ ಒಕ್ಕೂಟದ 24 ಅಧಿಕೃತ ಭಾಷೆಗಳು ಸಂಪತ್ತಾಗಿ ಕಾಣುತ್ತವೆ. ಕೆಲಸವಿಲ್ಲದೆ ಊರಿನಲ್ಲೇ ಉಳಿದ ಅವನ ಓರಗೆಯವನಿಗೆ ಪರಭಾಷಿಕನು ಪ್ರತಿಸ್ಪರ್ಧಿಯಾಗಿ ಕಾಣಬಹುದು. 2013ರಲ್ಲಿ ಗ್ರೀಸ್, ಸ್ಪೇನ್‌ಗಳಲ್ಲಿ ದುಡಿಯಲು ಸಿದ್ಧರಿದ್ದ ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿರುದ್ಯೋಗಿಗಳಾಗಿದ್ದರು. ಸಾಂಸ್ಕೃತಿಕ ಸೌಹಾರ್ದಕ್ಕೂ ಆರ್ಥಿಕ ತಳಹದಿ ಬೇಕು. ಕಸುಬು ಕಲಿಯುವವರಿಗೂ ಎರಾಸ್ಮಸ್ ಈಗ ತೆರೆದಿದೆ; ಅದರ ಹಣದಲ್ಲಿ ಹೆಚ್ಚಿನ ಪಾಲು ಅವರಿಗೆ ಸಲ್ಲಲಿ. ಪದವೀಧರರಷ್ಟೇ ಅನುಭವಿಸುವ ಏಕತೆ ಬಹುಕಾಲ ಬಾಳದು.