ಕಾಂತಾಸಂಮಿತವೂ ಕಾಂತೆಯ ಅಭಿಪ್ರಾಯವೂ

ಗಂಡಹೆಂಡಿರು ಒಂದು ಕಾದಂಬರಿಯನ್ನೋದಿ ಮನೆಯೊಳಗೆ ಆಡಿಕೊಳ್ಳುವ ಮಾತು ವಿಮರ್ಶೆಯೆನಿಸಲಾರದು, ಅದನ್ನು ಸಭೆಗೆ ತಂದರೆ ಸಾಹಿತ್ಯದ ಮಟ್ಟ ಇಳಿಯುವುದು ಎಂಬುದಾಗಿ ಈಚಿನ ಗೋಷ್ಠಿಯೊಂದರಲ್ಲಿ ವಿದ್ವಾಂಸರೊಬ್ಬರು ತೀರ್ಪುಕೊಟ್ಟರು. ಸಭಿಕರಲ್ಲಿ ಅನೇಕರು ತಲೆದೂಗಿದರು. ತಲೆದೂಗಿದವರೆಲ್ಲರೂ ಗಂಡಸರೆಂಬುದನ್ನೂ, ಅವರ ಮನೆಯ ಹೆಂಗಸರು ಆ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ಉಪ್ಪಿಟ್ಟಿನ ತಟ್ಟೆಗಳನ್ನು ಅಣಿಮಾಡುತ್ತಿದ್ದರೆಂಬುದನ್ನೂ ಇಲ್ಲಿ ಸೇರಿಸಿ ಹೇಳುವುದು ಅವಶ್ಯ. ಆ ತೀರ್ಪಿನ ಬೆನ್ನಿಗೇ, ಗೋಷ್ಠಿಯಲ್ಲಿ ಕಾದಂಬರಿಯನ್ನು ಕುರಿತು ಮಾತಾಡತಕ್ಕವರು ಕಾವ್ಯಶಾಸ್ತ್ರದಲ್ಲಿ ಪರಿಶ್ರಮವುಳ್ಳವರೇ ಆಗಿರಬೇಕೆಂಬ ಸೂಚನೆಯೂ ಬಂದಿದೆ. ಅದು ನಿಯಮವಾಗುವುದಕ್ಕೆ ಮೊದಲು ನನ್ನ ಆಕ್ಷೇಪಣೆಯನ್ನು ವಾಚಕಮಹಾಶಯರ ಮುಂದಿಡುತ್ತೇನೆ.

ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳೋಣ. ಮನೆಯ ಮಾತಿನಲ್ಲಿ ಪಾತ್ರಗಳನ್ನು ನೆರೆಮನೆಯವರಂತೆ ಕಾಣುತ್ತಾರೆ. ಅವಳು ಹಾಗೆ ಮಾಡಬಾರದಾಗಿತ್ತು, ಅವನಿಗೆ ತಕ್ಕ ಶಾಸ್ತಿಯಾಯಿತು ಎನ್ನುತ್ತಾರೆ. ರಚನೆ, ತಂತ್ರ, ಧ್ವನಿ ಇವುಗಳ ವಿಚಾರವೇ ಬರುವುದಿಲ್ಲ. ದಾಂಪತ್ಯದ ಸಲಿಗೆ ಮುನಿಸುಗಳು ಗ್ರಂಥಕ್ಕೆ ಬಣ್ಣ ಬಳಿಯುತ್ತವೆ. ಇವುಗಳಲ್ಲಿ ಕೊನೆಯದು ಸ್ವಲ್ಪಮಟ್ಟಿಗೆ ನಿಜ. ಕಾದಂಬರಿಯಲ್ಲಿ ಅತ್ತೆಯ ಪಾತ್ರ ಬಂದೊಡನೆ ಮಾತು ಎಲ್ಲಿಗೆ ಹೊರಳುವುದೆಂಬುದನ್ನು ಸಂಸಾರಸ್ಥರೆಲ್ಲರೂ ಬಲ್ಲರು. ಆದರೆ ಪೀಠದ ಮೇಲೆ ಕುಳಿತು ವಿಮರ್ಶಿಸುವವರಿಗೆ ಸಲಿಗೆ ಮುನಿಸುಗಳಿಲ್ಲವೆ? ಯಾರು ಯಾರ ಶಿಷ್ಯರು, ಯಾರ ಮುನ್ನುಡಿ ಯಾರ ಪುಸ್ತಕಕ್ಕೆ ಎಂಬುದನ್ನು ತಿಳಿದವನು ಅರ್ಧದಷ್ಟು ವಿಮರ್ಶೆಗಳ ಸಾರಾಂಶವನ್ನು ಓದದೆಯೇ ಹೇಳಿಬಿಡಬಲ್ಲನು.

ಇನ್ನು ಶಾಸ್ತ್ರದ ಮಾತು. ನಾನೂ ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನಾದುದರಿಂದ ಆ ವಿದ್ವಾಂಸರಿಗೆ ಅವರ ಆಯುಧದಿಂದಲೇ ಉತ್ತರ ಹೇಳುವುದು ಅನುಚಿತವಾಗಲಾರದು. ಕಾಶ್ಮೀರದ ಮಮ್ಮಟನು 11ನೆಯ ಶತಮಾನದಲ್ಲಿ ಕಾವ್ಯಪ್ರಕಾಶವನ್ನು ರಚಿಸಿದಾಗ ಕಾವ್ಯದ ಪ್ರಯೋಜನಗಳಲ್ಲಿ ಕಾಂತಾಸಂಮಿತವಾದ ಉಪದೇಶವನ್ನು ಎಣಿಸಿದನು. ವೇದವು ಒಡೆಯನಂತೆ ಆಜ್ಞಾಪಿಸುವುದು. ಪುರಾಣೇತಿಹಾಸಗಳು ಸ್ನೇಹಿತನಂತೆ ತಿಳಿಯಹೇಳುವುವು. ಕಾವ್ಯವಾದರೋ ಪ್ರಿಯಪತ್ನಿಯಂತೆ ಮನಸ್ಸನ್ನೊಲಿಸಿಕೊಂಡು ದಾರಿಗೆ ತರುವುದು. ಇದನ್ನು ನಾವೆಲ್ಲರೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾದವರೇ. ಕಾವ್ಯದ ಮಾತು ಹೆಂಡತಿಯ ಮಾತಿನಂತಿರಬೇಕಂತೆ. ಹೆಂಡತಿಯೇ ಕಾವ್ಯದ ಮೇಲೆ ಮಾತಾಡಿದರೆ ಮಾತ್ರ ಮಟ್ಟ ಇಳಿಯುವುದಂತೆ! ಉಪಮೇಯಕ್ಕೆ ಪೂಜೆ, ಉಪಮಾನಕ್ಕೆ ಅಡಿಗೆಯ ಮನೆ. ಇದು ಯಾವ ಅಲಂಕಾರವೋ ನಮ್ಮ ಗುರುಗಳು ಪಾಠ ಹೇಳಲಿಲ್ಲ. ಅಭಿನವಗುಪ್ತಾಚಾರ್ಯರೂ ಸಹೃದಯನಾದವನಿಗೆ ಕಾವ್ಯಾಭ್ಯಾಸದಿಂದ ತಿಳಿಯಾದ ಮನಸ್ಸನ್ನೂ, ವರ್ಣಿತವಾದ ವಸ್ತುವಿನಲ್ಲಿ ತನ್ಮಯವಾಗುವ ಯೋಗ್ಯತೆಯನ್ನೂ ಕೇಳಿದರೇ ಹೊರತು ಪದವಿಪತ್ರವನ್ನು ಕೇಳಲಿಲ್ಲ. ಪಾತ್ರವನ್ನು ನೆರೆಮನೆಯವರಂತೆ ಕಾಣುವುದು ತನ್ಮಯತೆಯ ಗೃಹ್ಯರೂಪವಲ್ಲದೆ ಮತ್ತೇನು?

ಕನ್ನಡದಲ್ಲಿ ದಂಪತಿಗಳ ಸಾಹಿತ್ಯಚರ್ಚೆಯೆಂದರೆ ಮೊದಲು ನೆನಪಿಗೆ ಬರುವುದು ಮುದ್ದಣ ಮನೋರಮೆಯರ ಸಲ್ಲಾಪ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು (1870–1901) ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದವರು, ವಿದ್ವತ್ಪೀಠದಲ್ಲಿದ್ದವರಲ್ಲ. ಅವರ ಕೈಹಿಡಿದ ಕಮಲಾಬಾಯಿಯವರು ನಮ್ಮ ಶಿವಮೊಗ್ಗೆಯ ಸೀಮೆಯ ಕಾಗೇಕೋಡಮಗ್ಗೆಯವರೆಂಬುದು ಈ ಜಿಲ್ಲೆಯವರಿಗೆ ಅಭಿಮಾನದ ಸಂಗತಿ. ಶ್ರೀರಾಮಾಶ್ವಮೇಧದಲ್ಲಿ ಮನೋರಮೆಯು ಪದ್ಯ ಬೇಡ, ಗದ್ಯದಲ್ಲಿ ಹೇಳಿರೆಂದು ಕೇಳುತ್ತಾಳೆ. ಸಂಸ್ಕೃತದ ಹೊರೆ ಹೆಚ್ಚಾದರೆ ಅಡ್ಡಬರುತ್ತಾಳೆ. ಕವಿಯು ಹಿಗ್ಗಿದರೆ ಹಾಸ್ಯದಿಂದ ಚುಚ್ಚುತ್ತಾಳೆ. ಕವಿಯು ಅವಳಿಗೆ ಮಣಿದು ಗದ್ಯಕ್ಕೇ ತೊಡಗುತ್ತಾನೆ. ಹೊಸಗನ್ನಡದ ಹೊಸ್ತಿಲಿನಲ್ಲಿ ನಿಂತ ಕೃತಿಯ ರೂಪವನ್ನು ಗೊತ್ತುಮಾಡಿದವಳು, ಕಲ್ಪಿತಳೇ ಆಗಲಿ, ಒಬ್ಬ ಗೃಹಿಣಿ.

ಹಾಗೆಂದು ಮನೋರಮೆಯನ್ನು ತೋರಿಸಿ ತೃಪ್ತರಾಗುವವರ ಗುಂಪಿಗೆ ನಾನು ಸೇರಿದವನಲ್ಲ. ಅವಳ ಬಾಯಲ್ಲಿ ಮಾತನ್ನಿಟ್ಟವನು ಮುದ್ದಣನೇ. ಗಂಡಸು ಬರೆದುಕೊಟ್ಟ ಆಕ್ಷೇಪಣೆಯನ್ನು ಹೆಂಗಸು ಒಪ್ಪಿಸುವುದಕ್ಕೂ, ಅವಳೇ ಆಕ್ಷೇಪಿಸುವುದಕ್ಕೂ ಬಹಳ ಅಂತರವುಂಟು. ನಮ್ಮಲ್ಲಿ ಅನೇಕ ಮನೆಗಳಲ್ಲಿ ‘ನಾವಿಬ್ಬರೂ ಕೂಡಿ ಓದುತ್ತೇವೆ’ ಎಂದರೆ ಅರ್ಥವೇನು? ಯಜಮಾನರು ಓದಿ, ಊಟದ ಹೊತ್ತಿನಲ್ಲಿ ಕಥೆಯನ್ನೂ ಅದರ ಗುಣದೋಷಗಳನ್ನೂ ಹೇಳಿ ಮುಗಿಸುತ್ತಾರೆ. ಆಕೆ ಸಾರು ಬಡಿಸುತ್ತ ಹೂಂಗುಟ್ಟುತ್ತಾಳೆ. ಆಮೇಲೆ ಅವರು ಸಭೆಯಲ್ಲಿ ‘ನಮ್ಮ ಮನೆಯವರಿಗೂ ಇದೇ ಅಭಿಪ್ರಾಯ’ ಎನ್ನುತ್ತಾರೆ. ಇಂಥ ಏಕಾಭಿಪ್ರಾಯವನ್ನು ನಾನು ಸಮರ್ಥಿಸುತ್ತಿಲ್ಲ. ಇಬ್ಬರೂ ಆದ್ಯಂತವಾಗಿ ಓದಿರಬೇಕು. ಇಬ್ಬರಿಗೂ ಭಿನ್ನಾಭಿಪ್ರಾಯಕ್ಕೆ ಅವಕಾಶವಿರಬೇಕು. ಆಗ ಮಾತ್ರ ನಾನು ಹೇಳುವ ವಿಮರ್ಶೆ.

ಉದಾಹರಣೆಯಿಲ್ಲದ ವಾದ ಒಣವಾದ. ಮಳೆ ಹಿಡಿದರೆ ನಮ್ಮ ತ್ಯಾವರೆಕೊಪ್ಪದಲ್ಲಿ ಸಿಂಹಧಾಮದ ಘರ್ಜನೆಯ ಹೊರತು ಬೇರೆ ಉಪನ್ಯಾಸವಿಲ್ಲ. ಓದುವುದಕ್ಕೆ ಬೇಕಾದಷ್ಟು ಸಾವಕಾಶ. ಹೋದ ಮಳೆಗಾಲದಲ್ಲಿ ನಾನೂ ನಮ್ಮ ಮನೆಯವರೂ 1965ರಲ್ಲಿ ಪ್ರಕಟವಾದ ಎರಡು ಕಾದಂಬರಿಗಳನ್ನು ಮತ್ತೆ ಓದಿದೆವು: ತೀರ್ಥಹಳ್ಳಿ ಸೀಮೆಯವರೇ ಆದ ಅನಂತಮೂರ್ತಿಯವರ ಸಂಸ್ಕಾರ, ಭೈರಪ್ಪನವರ ವಂಶವೃಕ್ಷ.

ಸಂಸ್ಕಾರದ ವಿಷಯದಲ್ಲಿ ನನ್ನ ತಕರಾರು ಶಾಸ್ತ್ರದ್ದು. ಅನಾಥಪ್ರೇತಸಂಸ್ಕಾರವನ್ನು ಮಹಾಪುಣ್ಯವೆಂದು ಸಾರುವ ಪರಂಪರೆಯಲ್ಲಿ, ನಾರಣಪ್ಪನ ಹೆಣಕ್ಕೆ ದಾರಿ ಕಾಣದೆ ಪ್ರಾಣೇಶಾಚಾರ್ಯನಂಥ ಪಂಡಿತನು ತಾಳೆಗರಿಗಳನ್ನು ತಿರುವುತ್ತ ಕುಳಿತನೆಂಬುದು ನನಗೆ ಒಪ್ಪಿಗೆಯಾಗದು, ಈಗಲೂ ಆಗಿಲ್ಲ. ನಾನು ಇದನ್ನು ವಿಸ್ತರಿಸುತ್ತಿದ್ದಾಗ ನಮ್ಮ ಮನೆಯವರು ಹೀಗೆಂದರು: ‘ನಿಮ್ಮ ಚರ್ಚೆಯೆಲ್ಲ ಅಗ್ರಹಾರದ ಜಗಲಿಯ ಮೇಲಿನದು. ಹೆಣ ಸುಟ್ಟವರು ಯಾರು? ಚಂದ್ರಿ ಅಹಮದ್ ಬ್ಯಾರಿಯನ್ನು ಕರೆತಂದು ಆ ರಾತ್ರಿಯೇ ಮುಗಿಸಿಬಿಟ್ಟಳು. ಆಚಾರ್ಯರಿಗೆ ಅದು ತಿಳಿಯಲೇ ಇಲ್ಲ. ಇನ್ನು ಭಾಗೀರಥಿ. ರೋಗಿಷ್ಠೆಯನ್ನು ಮದುವೆಯಾಗಿ ಸೇವೆ ಮಾಡಿದ್ದು ಅವರ ತಪಸ್ಸಾಯಿತು. ಅಷ್ಟು ವರ್ಷ ಮತ್ತೊಬ್ಬರ ತಪಸ್ಸಿಗೆ ಸಾಧನವಾಗಿ ಬಿದ್ದುಕೊಂಡಿರುವುದು ಅವಳಿಗೆ ಹೇಗಿತ್ತೆಂದು ಪುಸ್ತಕ ಎಷ್ಟು ಪುಟ ಕೊಟ್ಟಿದೆ?’ ಈ ಪ್ರಶ್ನೆ ಪಾತ್ರವನ್ನು ಕುರಿತದ್ದೇ ಹೌದು. ಆದರೆ ರಚನೆಯನ್ನು ಕುರಿತದ್ದೂ ಹೌದಷ್ಟೆ. ಗ್ರಂಥವು ಯಾರ ಕಣ್ಣಿನಿಂದ ನೋಡುತ್ತಿದೆ, ಯಾರನ್ನು ಬರಿಯ ಸಲಕರಣೆಯಾಗಿ ಬಳಸುತ್ತಿದೆ ಎಂಬುದನ್ನು ಕೇಳಿದಂತಾಯಿತು. ಇದನ್ನೇ ಪಾರಿಭಾಷಿಕ ಪದಗಳಲ್ಲಿ ಹೇಳಿದ್ದರೆ ನಮ್ಮ ವಿದ್ವಾಂಸರು ಚಪ್ಪಾಳೆ ತಟ್ಟುತ್ತಿದ್ದರು.

ವಂಶವೃಕ್ಷದಲ್ಲಿಯಂತೂ ನಮ್ಮ ಜಗಳ ಇನ್ನೂ ತೀರಿಲ್ಲ. ವಿಧವೆಯಾದ ಕಾತ್ಯಾಯನಿ ಮಗುವನ್ನು ಮಾವನವರಲ್ಲಿ ಬಿಟ್ಟು ರಾಜನನ್ನು ವರಿಸುತ್ತಾಳೆ; ಗರ್ಭ ನಿಲ್ಲುವುದಿಲ್ಲ; ಕೊನೆಗೆ ಬಳಲಿ ಸಾಯುತ್ತಾಳೆ. ಅದು ಅವಳ ಅಂತಃಕರಣದ ತೊಳಲಾಟದ ಫಲವೆಂದು ನನ್ನ ಪಕ್ಷ. ಗ್ರಂಥಕರ್ತರೇ ನ್ಯಾಯಾಧೀಶರಾಗಿ ಶಿಕ್ಷೆ ಬರೆದುಬಿಟ್ಟರೆಂದು ಅವರ ಪಕ್ಷ. ಆದರೆ ಅವರು ಹೆಚ್ಚು ಹೊತ್ತು ನಿಂತದ್ದು ಕಾತ್ಯಾಯನಿಯ ಬಳಿಯಲ್ಲಲ್ಲ, ನಾಗಲಕ್ಷ್ಮಿಯ ಬಳಿ. ಸದಾಶಿವರಾಯನು ದೊಡ್ಡ ಇತಿಹಾಸಗ್ರಂಥಗಳನ್ನು ಬರೆಯುವವನು. ಆ ಕಾರ್ಯದಲ್ಲಿ ಬುದ್ಧಿಯ ಒಡನಾಟ ಬೇಕೆಂದು, ಹೆಂಡತಿಯಿರುವಾಗಲೇ ಸಿಂಹಳದಿಂದ ಬಂದ ವಿದ್ಯಾರ್ಥಿನಿ ಕರುಣಾರತ್ನೆಯನ್ನು ಮದುವೆಯಾಗುತ್ತಾನೆ. ‘ಅಷ್ಟು ಸಂಪುಟ ಬರೆದವರು ಒಂದು ಸಂಜೆಯಾದರೂ ನಾಗಲಕ್ಷ್ಮಿಯನ್ನು ಕೂರಿಸಿಕೊಂಡು, ನಾನು ಬರೆಯುತ್ತಿರುವುದು ಇಂಥದು, ನಿನಗೇನನ್ನಿಸುತ್ತದೆ ಎಂದು ಕೇಳಿದ್ದರೇ?’ ಎಂಬುದು ನಮ್ಮ ಮನೆಯವರ ಪ್ರಶ್ನೆ. ಇದಕ್ಕೆ ಸದಾಶಿವರಾಯನ ಪರವಾಗಿ ಉತ್ತರ ಹೇಳಬಲ್ಲವರು ಗೋಷ್ಠಿಯಲ್ಲಿ ಎದ್ದುನಿಂತು ಹೇಳಲಿ. ಅಭಿಪ್ರಾಯ ಕೇಳದೆಯೇ ಅಭಿಪ್ರಾಯವಿಲ್ಲದವಳೆಂದು ನಿರ್ಣಯಿಸುವುದು ಕಾದಂಬರಿಯ ಪಂಡಿತನಿಗೆ ಮಾತ್ರ ಮೀಸಲಾದ ಗುಣವಲ್ಲ. ಮೇಲೆ ಹೇಳಿದ ಸೂಚನೆಯ ಹೊಟ್ಟೆಯಲ್ಲಿರುವುದೂ ಅದೇ.

ಆ ಸೂಚನೆ ನಿಯಮವಾದರೆ ಏನಾಗುವುದೆಂಬುದನ್ನು ನೋಡಿ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ಮದುವೆಯಾಗಿ, ಸಂಸಾರ ನಡೆಸಿ, ನಲವತ್ತೈದರ ಸುಮಾರಿಗೆ ಕಾದಂಬರಿಗೆ ತೊಡಗಿದ ಎಂ. ಕೆ. ಇಂದಿರಾ ಅವರು ಈ ಜಿಲ್ಲೆಯ ಕೀರ್ತಿ. ತುಂಗಭದ್ರಾ 1963ರಲ್ಲಿಯೂ ಫಣಿಯಮ್ಮ 1976ರಲ್ಲಿಯೂ ಬಂದವು. ಬಾಲವಿಧವೆಯಾಗಿ ಬಾಳಿದ ಫಣಿಯಮ್ಮ ಮುದುಕಿಯಾದ ಮೇಲೆ ಮತ್ತೊಬ್ಬ ಎಳೆಯ ವಿಧವೆಯ ತಲೆ ಬೋಳಿಸಕೂಡದೆಂಬ ಪಕ್ಷಕ್ಕೆ ನಿಂತ ಕಥೆ ಮನೆಯ ಹೆಂಗಸರ ಮಾತಿನಿಂದಲೇ ಬಂದದ್ದು. ಯಾವ ಲಕ್ಷಣಗ್ರಂಥದಿಂದಲೂ ಬಂದುದಲ್ಲ. ಹೊಸ ಸೂಚನೆಯ ಪ್ರಕಾರ ಅಂಥವರು ಕಾದಂಬರಿಯನ್ನು ಬರೆಯಬಹುದು, ನಾವು ಅದಕ್ಕೆ ಹಾರ ಹಾಕಬಹುದು, ಆದರೆ ನಮ್ಮ ವೇದಿಕೆಯಲ್ಲಿ ಕಾದಂಬರಿಯನ್ನು ಕುರಿತು ಅವರು ಮಾತಾಡಕೂಡದು.

ಆದಕಾರಣ ಬರುವ ಸರ್ವಸದಸ್ಯರ ಸಭೆಯಲ್ಲಿ ನಾನು ತಿದ್ದುಪಡಿಯೊಂದನ್ನು ಮಂಡಿಸುವವನಿದ್ದೇನೆ. ತಿಂಗಳಿಗೊಂದು ಕಾದಂಬರಿಯನ್ನು ಮೊದಲೇ ಗೊತ್ತುಮಾಡಿ, ಅದನ್ನೋದಿದ ಒಂದು ದಂಪತಿಯನ್ನು ಕರೆಯತಕ್ಕದ್ದು. ಪತ್ನಿಯು ಮೊದಲು ಮಾತಾಡತಕ್ಕದ್ದು. ಅವರು ಮುಗಿಸುವ ತನಕ ಪತಿಯು ತಿದ್ದುವುದಾಗಲಿ ಪೂರ್ತಿಮಾಡುವುದಾಗಲಿ ಸಲ್ಲದು. ಯಜಮಾನರ ಹೆಸರಿನಲ್ಲಿ ಮನೆಗೊಂದೇ ಸದಸ್ಯಪತ್ರ, ಅದಕ್ಕೊಂದೇ ಪುಸ್ತಕ ಎಂಬ ಏರ್ಪಾಡಿರುವ ಕಡೆ ಎರಡು ಪತ್ರಗಳನ್ನು ಕೊಡಬೇಕು. ಒಂದೇ ಪ್ರತಿಯನ್ನು ಇಬ್ಬರು ಹದಿನೈದು ದಿನಗಳಲ್ಲಿ ಓದಿ ಮುಗಿಸಬೇಕೆಂದರೆ ಯಾರ ಓದು ಅರ್ಧಕ್ಕೆ ನಿಲ್ಲುವುದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೊದಲ ತಿಂಗಳಿಗೆ ಫಣಿಯಮ್ಮನಾಗಲಿ. ಪ್ರತಿಗಳು ಸಾಲದಿದ್ದರೆ ನಮ್ಮ ಮನೆಯದನ್ನು ಕೊಡುತ್ತೇನೆ. ಅಂಚಿನಲ್ಲಿ ಇಬ್ಬರ ಟಿಪ್ಪಣಿಗಳೂ ಇವೆ, ಪೆನ್ಸಿಲಿನವು ಅವರವು.