ಬಾಟಲಿಯ ಹೆಸರು ಹೋಯಿತು, ಪೊಟ್ಟಣದ ಬರಹ ಉಳಿಯಿತು

2025ರ ಅಕ್ಟೋಬರ್ 14ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಹೊರಡಿಸಿದ ಆದೇಶವು ನಮ್ಮ ಓದುಗರ ಗಮನಕ್ಕೆ ಬಂದಿರಬಹುದು. ಸಿಹಿ ಪಾನೀಯಗಳ ಹೆಸರಿನಲ್ಲಿ ‘ಓ.ಆರ್.ಎಸ್.’ ಎಂಬ ಮೂರಕ್ಷರಗಳನ್ನು ಯಾವ ರೂಪದಲ್ಲಿಯೂ ಬಳಸಕೂಡದೆಂಬುದು ಅದರ ತಿರುಳು. ಇದೇ ಪ್ರಾಧಿಕಾರ 2022ರಲ್ಲಿ, ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಲ್ಲ’ ಎಂದು ಒಂದು ಸಾಲು ಅಚ್ಚು ಹಾಕಿಸಿ ಹೆಸರನ್ನು ಇಟ್ಟುಕೊಳ್ಳಲು ಬಿಟ್ಟಿತ್ತು! ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಈ ಬಗ್ಗೆ ಎಂಟು ವರ್ಷ ಹೋರಾಡಬೇಕಾಯಿತು. ಕಂಪೆನಿಗಳು ದಿಲ್ಲಿ ಹೈಕೋರ್ಟಿನ ಮೆಟ್ಟಲು ಹತ್ತಿದರೂ ಆದೇಶ ಉಳಿಯಿತು.

ಇದೇನು ಬರೇ ಹೆಸರಿನ ಜಗಳವೇ? ಅಲ್ಲ. ವಾಂತಿಭೇದಿಯಾದ ಮಗುವನ್ನು ಕಾಡುವುದು ರೋಗಾಣುವಿಗಿಂತ ಹೆಚ್ಚಾಗಿ ಮೈಯಿಂದ ಹರಿದುಹೋಗುವ ನೀರು ಮತ್ತು ಉಪ್ಪು. ಕರುಳು ಉಪ್ಪನ್ನು ಹೀರಬೇಕಾದರೆ ಜೊತೆಗೆ ಸ್ವಲ್ಪ ಗ್ಲೂಕೋಸ್ ಬೇಕು. ಅವೆರಡರ ಬೆನ್ನಿಗೆ ನೀರೂ ಒಳಸೇರುತ್ತದೆ. ಅದಕ್ಕಾಗಿಯೇ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, ಮತ್ತೆರಡು ಲವಣಗಳು ಎಂಬ ಲೆಕ್ಕ. ಸಕ್ಕರೆ ಇದರ ಹಲವು ಪಟ್ಟಾದರೆ ಅದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಈ ಮದ್ದಿನ ಬಲವನ್ನು ತೋರಿಸಿದ್ದು ದೊಡ್ಡ ಆಸ್ಪತ್ರೆಯಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು-ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಪದ್ಮವಿಭೂಷಣ ಸಂದದ್ದು ಮರುವರ್ಷ.

ಮನೆಯವರ ಕೈ ಎಂದೆವಲ್ಲ, ವಿಷಯ ಇರುವುದು ಅಲ್ಲಿಯೇ. ಭೇದಿಯಾಗುವಾಗ ನೀರು ಕೊಟ್ಟರೆ ಇನ್ನೂ ಹೋಗುತ್ತದೆ ಎಂಬ ಮಾತನ್ನು ಶಾಲೆಗೆ ಬರುವ ತಾಯಂದಿರ ಬಾಯಿಂದ ನಾವು ಇಂದಿಗೂ ಕೇಳುತ್ತೇವೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಚಮಚ ಚಮಚವಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ನಿಧಾನವಾಗಿ ಕೊಡುವುದು. ಎದೆಹಾಲು ನಿಲ್ಲಿಸಕೂಡದು. ಉಪ್ಪು ಹಾಕಿದ ಗಂಜಿತಿಳಿ ಒಳ್ಳೆಯದೇ. ಬೊಂಡದ ನೀರಿನಲ್ಲಿ ಉಪ್ಪಿನಂಶ ಕಡಿಮೆ, ಅದೊಂದನ್ನೇ ನೆಚ್ಚುವಂತಿಲ್ಲ. ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರು ಬಾರದೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಕುಡಿಯಲೂ ಆಗದಷ್ಟು ಮಂಕಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮಂಗಳೂರಿಗೆ ಹೊರಟ ಬಸ್ಸಿನಲ್ಲಿಯೂ, ಮಗುವಿಗೆ ನುಂಗಲಾಗುವಷ್ಟು ಕಾಲ, ಚಮಚ ನಿಲ್ಲಬಾರದು.

ಇನ್ನು ಪೊಟ್ಟಣದ ಮಾತು. ಮದ್ದಿನ ಅಂಗಡಿಯಲ್ಲಿ ಒಂದು ಲೀಟರಿಗೆ ಕಲಸುವ ಪೊಟ್ಟಣವೂ ಇದೆ, 200 ಮಿಲಿಲೀಟರಿಗೆ ಕಲಸುವ ಚಿಕ್ಕದೂ ಇದೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಮಿತಿಮೀರಿ ಮಗುವಿಗೆ ಅಪಾಯ. ಕಲಸಿದ್ದನ್ನು 24 ಗಂಟೆಯ ಬಳಿಕ ಚೆಲ್ಲಬೇಕು. ಇಷ್ಟೆಲ್ಲ ಪೊಟ್ಟಣದ ಮೇಲೆ ಇರುವುದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಕನ್ನಡ ಮಾತ್ರ ಓದಬಲ್ಲ ಅಜ್ಜಿ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವಾಗ ಆ ಅಕ್ಷರಗಳಿಂದ ಏನು ಪ್ರಯೋಜನ?

1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದೆನ್ನುತ್ತದೆ, ಉತ್ತರವೂ ಕನ್ನಡದಲ್ಲಿರಬೇಕೆನ್ನುತ್ತದೆ. ಆದರೆ ಭೇದಿಯಾದ ಮಗುವಿನ ತಾಯಿ ಅರ್ಜಿ ಬರೆದು ಉತ್ತರಕ್ಕೆ ಕಾಯಲಾರಳು. ಇಲ್ಲಿ ಮೊದಲು ಬರೆಯಬೇಕಾದದ್ದು ಸರಕಾರ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಅಂಗನವಾಡಿಗಳಿಗೆ ಒಂದು ಪುಟದ ಕನ್ನಡ ಕರಪತ್ರ, ಎರಡು ಪೊಟ್ಟಣಗಳ ಚಿತ್ರದೊಡನೆ, ಮಳೆಗಾಲಕ್ಕೆ ಮೊದಲು ತಲಪಲಿ. ಆರೋಗ್ಯ ಇಲಾಖೆಗೆ ಬರೆದುಕೊಡುವವರ ಕೊರತೆಯಿದ್ದರೆ ಇಲ್ಲಿಯ ಕನ್ನಡ ಅಧ್ಯಾಪಕರಿದ್ದೇವೆ, ಒಂದು ಸಂಜೆಯ ಕೆಲಸ.