ಲೇಖನಗಳ ಲೆಕ್ಕ ಮತ್ತು ರಕ್ತದ ಸಕ್ಕರೆ

"ಸಾಹೇಬ್ರ, ಇವರು ಸಕ್ಕರಿ ಕಾಯಿಲಿ ಮ್ಯಾಲೆ ನಾನ್ನೂರು ಲೇಖನ ಬರದಾರಂತ. ನಿಮ್ಮ ಗುಳಿಗಿ ಬಿಟ್ಟು ಇವರ ಪುಡಿ ತಗೊಳ್ಳಲೇನ್ರಿ?"

ಕುಷ್ಟಗಿ ಕಡೆಯ ಹಿರಿಯ ರೈತರೊಬ್ಬರು ಮೊಬೈಲ್ ತೋರಿಸುತ್ತ ನನ್ನನ್ನು ಹೀಗೆ ಕೇಳಿದರು. ಜಾಹೀರಾತಿನಲ್ಲಿ ವೈದ್ಯರೊಬ್ಬರ ಭಾವಚಿತ್ರ, ಅದರ ಕೆಳಗೆ ಅವರ ಲೇಖನಗಳ ಸಂಖ್ಯೆ, ಬೇರೆಯವರು ಅವನ್ನು ಉಲ್ಲೇಖಿಸಿದ ಸಂಖ್ಯೆ. ಪುಡಿಯಲ್ಲಿ ಏನಿದೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಗುಳಿಗೆ ನಿಲ್ಲಿಸಬೇಡಿ ಎಂದೆ. ಆದರೆ ಅವರ ಪ್ರಶ್ನೆ ಅನೇಕ ಓದುಗರದ್ದೂ ಆಗಿರಬಹುದು.

ಸಂಶೋಧಕರು ತಮ್ಮ ಲೇಖನದಲ್ಲಿ ಹಿಂದಿನವರ ಕೆಲಸವನ್ನು ಹೆಸರಿಸುತ್ತಾರೆ. ಇದೇ ಉಲ್ಲೇಖ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಒಬ್ಬರ 40 ಲೇಖನಗಳು ತಲಾ 40 ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ 'ಎಚ್-ಇಂಡೆಕ್ಸ್' 40. ಬೇರೆ ಸಂಶೋಧಕರು ಅವರನ್ನು ಎಷ್ಟು ಓದಿದ್ದಾರೆ ಎಂಬುದನ್ನು ಇದು ಸುಮಾರಾಗಿ ತಿಳಿಸುತ್ತದೆ. ಅವರು ಹೇಳಿದ ಔಷಧ ನಿಮಗೆ ಒಗ್ಗುತ್ತದೆಯೇ ಎಂಬುದನ್ನಲ್ಲ. ಊರಲ್ಲಿ ಸಾಲ ತೀರಿಸದವನ ಹೆಸರೂ ಪದೇ ಪದೇ ಕೇಳಿಬರುತ್ತದೆ, ಅಲ್ಲವೇ? ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯ ಹುಟ್ಟಿಸಿದ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕೂ ಉಲ್ಲೇಖಗಳು ಹೇರಳವಾಗಿವೆ.

ಹಾಗೆಂದು ಲೇಖನಗಳೆಲ್ಲ ಕಾಗದದ ಹುಲಿಗಳೆಂದು ತಳ್ಳಿಹಾಕುವುದೂ ತಪ್ಪು. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆದಿಟ್ಟವರಿಗೆ ಯಾವ ಇಂಡೆಕ್ಸೂ ಇರಲಿಲ್ಲ. ಆರು ದಶಕಗಳ ನಂತರ ಇಂಗ್ಲೆಂಡಿನ ಡಾ. ಕ್ಯಾರೋಲಿನ್ ಫಾಲ್ ಮತ್ತು ಸಂಗಡಿಗರು ಆ ಪುಸ್ತಕಗಳ ಆಧಾರದಿಂದ, ಅಲ್ಲಿ ಹುಟ್ಟಿದ ಸುಮಾರು 500 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಇದ್ದವರಲ್ಲಿ ಮಧುಮೇಹ ಹೆಚ್ಚೆಂದು 1998ರಲ್ಲಿ ಪ್ರಕಟಿಸಿದರು. ಹಾಗಾದರೆ ತಾಯಂದಿರಿಗೇ ಬಸಿರಿನಲ್ಲಿ ಸಕ್ಕರೆ ಏರಿತ್ತೇ? ಈ ಅನುಮಾನ ಪರಿಹರಿಸಲು 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರ ಪರೀಕ್ಷೆ ನಡೆಯಿತು. ನೂರರಲ್ಲಿ ಸುಮಾರು ಆರು ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡುಬಂತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಒಂಬತ್ತೂವರೆ ವರ್ಷದ ಹೊತ್ತಿಗೆ ಆ ಮಕ್ಕಳಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್‌ನ ಪ್ರಭಾವ ಕಡಿಮೆ ಎಂದು 2010ರಲ್ಲಿ 'ಡಯಾಬಿಟಿಸ್ ಕೇರ್' ಪತ್ರಿಕೆಯಲ್ಲಿ ವರದಿ ಮಾಡಿದರು.

ಇಂಥ ಲೇಖನದ ನಿಜವಾದ ಬೆಲೆ ಎಷ್ಟು? ಅದು ಯಲಬುರ್ಗಾದ ಹಳ್ಳಿಯ ಗರ್ಭಿಣಿಯನ್ನು ಮುಟ್ಟಿತೇ ಎಂಬುದರಿಂದಲೇ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಬೆಳಗಿನ ಬಸ್ಸು ಹಿಡಿದು ಖಾಲಿ ಹೊಟ್ಟೆಯಲ್ಲಿ ಬಂದು ಕೂರು ಎಂದರೆ ಆಕೆ ಬರುವುದು ಕಷ್ಟ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಸಂಗಡಿಗರು ಇದನ್ನು ಅರಿತೇ ಸುಲಭ ಪರೀಕ್ಷೆಯೊಂದನ್ನು ಪ್ರತಿಪಾದಿಸಿದರು. ಊಟವಾಗಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ ಒಮ್ಮೆ ರಕ್ತ ನೋಡುವುದು. 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಖಾಲಿ ಹೊಟ್ಟೆಯ ಪರೀಕ್ಷೆಯೇ ಹೆಚ್ಚು ನಿಖರ ಎಂದು ವಾದಿಸುವ ತಜ್ಞರೂ ಇದ್ದಾರೆ. ಆದರೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಒಪ್ಪಿರುವುದು ಈ ಸುಲಭ ವಿಧಾನವನ್ನೇ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ.

ಆದ್ದರಿಂದ ಯಾರಾದರೂ ಲೇಖನಗಳ ಸಂಖ್ಯೆ ಹೇಳಿದರೆ ನೀವು ನಾಲ್ಕು ಪ್ರಶ್ನೆ ಕೇಳಿ. ಪರೀಕ್ಷೆ ನಡೆದದ್ದು ಮನುಷ್ಯರ ಮೇಲೋ, ಇಲಿಗಳ ಮೇಲೋ? ಎಷ್ಟು ಜನರ ಮೇಲೆ, ಎಷ್ಟು ಕಾಲ? ಬೇರೆಯವರು ಮಾಡಿದಾಗಲೂ ಅದೇ ಫಲ ಬಂತೇ? ಹೇಳುವವರಿಗೆ ಅದರ ಮಾರಾಟದಲ್ಲಿ ಪಾಲಿದೆಯೇ? ಉತ್ತರ ಸಿಗದಿದ್ದರೆ ಗುಳಿಗೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ನಿಲ್ಲಿಸಬೇಡಿ.

ಇನ್ನೊಂದು ಮಾತು. ತಾಯಿ ಕಾರ್ಡನ್ನು ಹೆರಿಗೆಯಾದ ಮೇಲೆ ಎಸೆಯಬೇಡಿ. ಬಸಿರಿನಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯಾದ ಆರು ವಾರಕ್ಕೆ, ಆಮೇಲೆಯೂ ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗಂಗಾವತಿಯಾಗಲಿ ಕೊಪ್ಪಳವಾಗಲಿ, ನಮ್ಮ ಆಸ್ಪತ್ರೆಗಳೂ ಹೆರಿಗೆ ದಾಖಲೆಗಳನ್ನು ಜೋಪಾನವಾಗಿ ಇಡಬೇಕು. ಮೈಸೂರಿನ ಹಳೆಯ ಪುಸ್ತಕಗಳು ಕಲಿಸುವ ಪಾಠ ಇದೇ.

ಆ ರೈತರನ್ನು ಅಂದು ನಾನೂ ಒಂದು ಪ್ರಶ್ನೆ ಕೇಳಿದ್ದೆ: "ನಿಮ್ಮ ಸೊಸೆ ಬಸುರಿ ಅಂದಿದ್ರಲ್ಲ, ಆಕೀ ಸಕ್ಕರಿ ನೋಡಿಸೀರೇನು?"

"ಆಕಿಗೇನಾಗೇತ್ರಿ, ಗಟ್ಟಿಮುಟ್ಟ ಅದಾಳ" ಎಂದರು.

ಆದರೂ ಮರುವಾರ ಕರೆತಂದರು. ಫಲಿತಾಂಶ 156. ಊಟದಲ್ಲಿ ಹಿತಮಿತ, ದಿನವೂ ನಡಿಗೆ, ಎರಡು ವಾರಕ್ಕೆ ಮತ್ತೆ ಪರೀಕ್ಷೆ ಎಂದು ಬರೆದುಕೊಟ್ಟೆ. ಪುಡಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.